ಹೊಸ ಮನೆಯ ಗಾಳಿಗೆ ಅಪ್ಪ ತಂದ ಜೀವಾಮೃತ

ಹೊಸ ಮನೆಯ ವಾಸನೆಗೆ ಹೆದರಿ ಮೊದಲು ಓಡಿಹೋದವು ಹಲ್ಲಿಗಳು. ಆಮೇಲೆ ನಮ್ಮ ಅತ್ತೆ. ಹಲ್ಲಿಗಳು ಹೋದದ್ದಕ್ಕೆ ನನಗೇನೂ ಬೇಸರವಿರಲಿಲ್ಲ.

ಬಹಳ ವರ್ಷ ಶಿಗ್ಗಾವಿಯ ಹಳೇ ಓಣಿಯೊಂದರಲ್ಲಿ ಬಾಡಿಗೆಗಿದ್ದು, ಕಡೆಗೂ ಊರಂಚಿನ ಹೊಸ ಪ್ಲಾಟಿನಲ್ಲಿ ಸ್ವಂತದ್ದೊಂದು ಮನೆ ಕಟ್ಟಿಸಿದ್ದೆವು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಮ್ಮ ಮನೆಯವರದು ಬಸ್‌ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿ. ಮಗಳು ಧಾರವಾಡದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ. ಒಂದೇ ಸಲ ಕಟ್ಟಿಸುವ ಮನೆ, ಯಾವುದಕ್ಕೂ ಕಡಿಮೆಯಾಗಬಾರದೆಂದು ಬಾಗಿಲಿಗೆ ವಾರ್ನಿಷ್, ಗೋಡೆಗೆ ಆಯಿಲ್ ಪೇಂಟ್, ಎಲ್ಲ ಕೋಣೆಗೂ ಪ್ಲೈವುಡ್ ಕಪಾಟು ಮಾಡಿಸಿದೆವು. ವಾಸ್ತುಶಾಂತಿಯ ದಿನ ಬಂದವರೆಲ್ಲ "ಭಾರಿ ಆಗೇತಿ ಬಿಡ್ರಿ" ಎಂದು ಹೊಗಳಿ, ಹೋಳಿಗೆ ತಿಂದು, ಮೂಗು ಒರೆಸಿಕೊಳ್ಳುತ್ತ ಹೋದರು. ಆ ವಾಸನೆ ಎಂಥದೆಂದರೆ ಕುಕ್ಕರಿನ ಮುಚ್ಚಳ ತೆಗೆದರೆ ಅನ್ನಕ್ಕೂ ವಾರ್ನಿಷ್ ಒಗ್ಗರಣೆ ಬಿದ್ದಿರುತ್ತಿತ್ತು. ನಾನು ದಿನಾ ಉರಿದು ಕೆಂಪಾದ ಕಣ್ಣಿನಲ್ಲಿ ಶಾಲೆಗೆ ಹೋಗುತ್ತಿದ್ದೆ. ಮಕ್ಕಳು ಅದನ್ನು ಸಿಟ್ಟೆಂದು ತಿಳಿದು ಬಹಳ ಚೆನ್ನಾಗಿ ಓದಿದರು.

ಅತ್ತೆ ಸವಣೂರಿನ ವೀಳ್ಯದ ಎಲೆತೋಟದವರ ಮಗಳು. ಒಲೆಯ ಹೊಗೆಯಲ್ಲಿ ಬೆಳೆದವರು, ಸೆಗಣಿ ಸಾರಿಸಿದ ನೆಲದ ಮೇಲೆ ಮಲಗಿದವರು, ಎಂದೂ ಕೆಮ್ಮಿದವರಲ್ಲ. ಹೊಸ ಮನೆಗೆ ಬಂದ ದಿನದಿಂದ ಸೆರಗು ಮೂಗಿಗೆ ಒತ್ತಿಕೊಂಡು ಕೆಮ್ಮತೊಡಗಿದರು. "ಇದು ಮನಿ ವಾಸನಿ ಅಲ್ಲವಾ, ಡಬ್ಬಿ ವಾಸನಿ," ಎನ್ನುತ್ತಿದ್ದರು. ಡಾಕ್ಟರು ಔಷಧ ಬರೆದುಕೊಟ್ಟು, ವಾಸನೆ ತಾನಾಗಿ ಕಡಿಮೆಯಾಗುತ್ತದೆ ಎಂದರು. ಅದು ಕಡಿಮೆಯಾಗುವ ಮೊದಲೇ ಒಂದು ದಿನ ಅತ್ತೆ ನಾಲ್ಕು ಸೀರೆ ಚೀಲಕ್ಕೆ ತುರುಕಿಕೊಂಡು, ದುಂಡಸಿಯಲ್ಲಿರುವ ಮಗಳ ಮನೆಗೆ ಹೊರಟುಬಿಟ್ಟರು. "ವಾಸನಿ ಹೋದ ಮ್ಯಾಲ ಹೇಳಿ ಕಳಸ್ರಿ, ನೋಡೂಣು," ಎಂದಷ್ಟೇ ಹೇಳಿದರು.

ಸಂಬಂಧಿಕರು ನನಗೆ ಫೋನು ಮಾಡಿ ಒಂಥರಾ ಅಭಿನಂದನೆಯ ದನಿಯಲ್ಲಿ ಮಾತಾಡಿದರು. ಹೊಸ ಮನೆ, ಅತ್ತೆ ಇಲ್ಲ, ಸೊಸೆಗೆ ಇನ್ನೇನು ಬೇಕು? ನನಗೆ ಮಾತ್ರ ಮನೆಯಲ್ಲಿ ಕೂಡಲು ಆಗುತ್ತಿರಲಿಲ್ಲ. ನಾನೂ ಅತ್ತೆಯೂ ಬೆಳಿಗ್ಗೆ ಚಹಾದ ಜೊತೆ ಒಂದು ಜಗಳ ಮಾಡಿಕೊಂಡರೇನೇ ಇಬ್ಬರಿಗೂ ದಿನ ಶುರುವಾಗುವುದು. ಜುಣಕಕ್ಕೆ ಉಪ್ಪು ಹೆಚ್ಚಾಯಿತು, ರೊಟ್ಟಿ ದಪ್ಪ ಆಯಿತು, ನಿನ್ನೆ ಬಂದಿದ್ದವರಿಗೆ ಇನ್ನೊಂದು ಕಪ್ಪು ಚಹಾ ಯಾಕೆ ಕೊಡಲಿಲ್ಲ ಎಂದು ಏನಾದರೊಂದು ಇರುತ್ತಿತ್ತು. ನಮ್ಮ ಮನೆಯವರ ಜೊತೆ ಜಗಳ ತೆಗೆದು ನೋಡಿದೆ. ಅವರು ಎಲ್ಲದಕ್ಕೂ "ಹೌದ ನೋಡು, ನಂದ ತಪ್ಪು" ಎಂದುಬಿಡುತ್ತಾರೆ. ಅವರೊಡನೆ ಜಗಳಾಡುವುದು ಹತ್ತಿ ಅಂಡಿಗೆಗೆ ಗುದ್ದಿದ ಹಾಗೆ, ಕೈಗೂ ಏನೂ ಅನ್ನಿಸುವುದಿಲ್ಲ. ಖರೆ ಹೇಳಬೇಕೆಂದರೆ ನನಗೆ ಅತ್ತೆ ಬೇಕಾಗಿದ್ದರು. ಹಾಗೆಂದು ಬಾಯಿಬಿಟ್ಟು ಹೇಳಿದರೆ ಜನ ನನ್ನನ್ನೇ ಡಾಕ್ಟರಿಗೆ ತೋರಿಸಿಯಾರೆಂದು ಸುಮ್ಮನಿದ್ದೆ.

ಸ್ಟಾಫ್ ರೂಮಿನಲ್ಲಿ ಹಿಂದಿ ಟೀಚರು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಮನೆಯೊಳಗೆ ಕುಂಡದ ಗಿಡ ಇಟ್ಟರೆ ಪೇಂಟಿನ ವಾಸನೆಯನ್ನೆಲ್ಲ ಗಿಡ ಹೀರಿಕೊಳ್ಳುತ್ತದಂತೆ. "ಇಂಥಾವೆಲ್ಲಾ ನಂಬಬಾರದ್ರಿ ಟೀಚರ, ವಿಜ್ಞಾನ ಬ್ಯಾರೆ, ವಿಡಿಯೋ ಬ್ಯಾರೆ," ಎಂದು ಅವರಿಗೊಂದು ಪಾಠ ಮಾಡಿದೆ. ಅದೇ ಭಾನುವಾರ ಹಾನಗಲ್ಲ ರಸ್ತೆಯ ನರ್ಸರಿಗೆ ಹೋಗಿ ಒಂದು ಆಟೋ ತುಂಬ ಗಿಡ ಹೇರಿಸಿಕೊಂಡು ಬಂದೆ. ಮನಿ ಪ್ಲಾಂಟು, ಸ್ನೇಕ್ ಪ್ಲಾಂಟು, ಲೋಳೆಸರ, ಹೆಸರು ನನಗೂ ಗೊತ್ತಿಲ್ಲದ ಇನ್ನೂ ಒಂದಿಷ್ಟು. ನಮ್ಮ ಮನೆಯವರು ಸಂಜೆ ಬಂದು ಪಡಸಾಲೆಯ ತುಂಬ ಗಿಡ ನೋಡಿ, "ಇವಕ್ಕ ಕೂಡ್ರಾಕ ಜಾಗಾ ಆತು. ನಾ ಎಲ್ಲಿ ಕೂಡ್ರಲಿ?" ಎಂದು ಕೇಳಿ, ಅಡುಗೆಮನೆಯಲ್ಲಿ ಕುಳಿತು ಪೇಪರು ಓದಿದರು.

ಗಿಡಗಳು ಬಂದು ದಿನಗಳಾದವು. ವಾಸನೆ ಇದ್ದಲ್ಲೇ ಇತ್ತು. ನನಗೆ ಸಿಟ್ಟು ಬಂತು. ಕೆಲಸಕ್ಕೆ ಬಂದು ಸುಮ್ಮನೆ ನಿಲ್ಲುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. ಒಂದು ಬೆಳಿಗ್ಗೆ ಮನಿ ಪ್ಲಾಂಟಿನ ಮುಂದೆ ನಿಂತು ಬೈದೂ ಬೈದೆ. ಆಮೇಲೆ ವಿಜ್ಞಾನ ಟೀಚರಿಗೆ ಇದು ಶೋಭೆಯಲ್ಲ ಎನ್ನಿಸಿ, ಫೋನು ತೆಗೆದು ಈ ವಿಷಯ ಸರಿಯಾಗಿ ಓದಲು ಕುಳಿತೆ. ಓದುತ್ತ ಹೋದಂತೆ ನನ್ನ ಕಣ್ಣು ತೆರೆಯಿತು. ನಾನು ಬೈಯಬೇಕಾದವರನ್ನು ಬಿಟ್ಟು ಬೇರೆಯವರನ್ನು ಬೈದಿದ್ದೆ.

ವಿಷಯ ಇಷ್ಟು. ಪೇಂಟು, ಪಾಲಿಶು, ಪ್ಲೈವುಡ್ಡಿನ ಅಂಟು ಇವುಗಳಿಂದ ಬೆಂಝೀನು, ಫಾರ್ಮಾಲ್ಡಿಹೈಡು ಅಂಥವು ಗಾಳಿಗೆ ಸೇರುತ್ತವೆ. ಅವನ್ನು ತಿಂದು ತೀರಿಸುವ ಕೆಲಸದಲ್ಲಿ ಎಲೆಯದು ಸಣ್ಣ ಪಾಲು. ದೊಡ್ಡ ಪಾಲು ಬೇರಿನ ಸುತ್ತ ಮಣ್ಣಿನಲ್ಲಿ ವಾಸ ಮಾಡುವ ಬ್ಯಾಕ್ಟೀರಿಯಾಗಳದ್ದು. ಗಿಡ ತನ್ನ ಬೇರಿನಿಂದ ಅಷ್ಟಿಷ್ಟು ಸಕ್ಕರೆ ಒಸರಿಸಿ ಅವನ್ನು ಸಾಕುತ್ತದೆ, ಅವು ಮಣ್ಣಿಗೆ ಇಳಿದ ವಿಷವನ್ನು ಒಡೆದು ಆಹಾರ ಮಾಡಿಕೊಳ್ಳುತ್ತವೆ. ಗಿಡದ ಎಲೆಗಳನ್ನೇ ಕಿತ್ತು ನೋಡಿದರೂ ಕುಂಡದ ಮಣ್ಣು ಕೆಲಸ ನಿಲ್ಲಿಸಲಿಲ್ಲವಂತೆ. ಅದೇ ವಿಷವನ್ನು ಮತ್ತೆ ಮತ್ತೆ ಬಡಿಸಿದರೆ ಅವು ಒಗ್ಗಿಕೊಂಡು ಇನ್ನೂ ಚೆನ್ನಾಗಿ ತಿನ್ನುತ್ತವಂತೆ, ನನ್ನ ಉಪ್ಪಿಟ್ಟಿಗೆ ನಮ್ಮ ಮನೆಯವರು ಒಗ್ಗಿದ ಹಾಗೆ. ಇಷ್ಟು ವರ್ಷ ಮಕ್ಕಳಿಗೆ ಬ್ಯಾಕ್ಟೀರಿಯಾ ಎಂದರೆ ಕೈ ತೊಳೆಯಿರಿ ಎಂದು ಹೆದರಿಸಿದವಳು, ಆವತ್ತು ಕುಂಡದ ಮಣ್ಣಿನ ಕಡೆ ಮರ್ಯಾದೆಯಿಂದ ನೋಡಿದೆ.

ಆ ಪ್ರಯೋಗಗಳನ್ನು ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಗಿಡ ಇಟ್ಟು ಮಾಡಿದ್ದರು ಎಂಬುದನ್ನೂ ಓದಿದೆ. ತಕ್ಷಣ ಎದ್ದು ಮನೆಯ ಕಿಟಕಿಗಳನ್ನೆಲ್ಲ ಭದ್ರವಾಗಿ ಹಾಕಿದೆ. ರಸ್ತೆಯ ಧೂಳು ಬಂದು ಬಿಳೀ ಟೈಲ್ಸ್ ಕೆಡುತ್ತದೆಂದು ಮೊದಲೂ ಹಾಕಿಯೇ ಇರುತ್ತಿದ್ದೆ, ಈಗ ಅದಕ್ಕೆ ವಿಜ್ಞಾನದ ಬೆಂಬಲ ಸಿಕ್ಕಿತು. ಬಾಗಿಲ ಕೆಳಗಿನ ಸಂದಿಗೆ ಹಳೇ ಚಾದರ ತುರುಕಿದೆ. ಗಾಳಿ ಓಡಾಡಿದರೆ ಬ್ಯಾಕ್ಟೀರಿಯಾಗಳ ತಾಟಿನಿಂದ ಊಟ ಎದ್ದುಹೋದಂತಲ್ಲವೇ? ಲೇಖನದ ಕೊನೆಯ ಭಾಗ ಓದಲಿಲ್ಲ, ಹಾಲು ಉಕ್ಕಿತ್ತು. ಪರೀಕ್ಷೆಯಲ್ಲಿ ಪ್ರಶ್ನೆ ಪೂರ್ತಿ ಓದದ ಮಕ್ಕಳಿಗೆ ನಾನು ಏನೇನು ಅನ್ನುತ್ತೇನೋ ಅದನ್ನೆಲ್ಲ ಇಲ್ಲಿ ಬರೆಯುವುದು ಬೇಡ.

ಮರುದಿನ ಪಕ್ಕದ ಮನೆಯ ಬಸ್ ಡ್ರೈವರನ ಹೆಂಡತಿ ಹೆಪ್ಪಿಗೆ ಮೊಸರು ಕೇಳಲು ಬಂದು ಬಾಗಿಲು ಬಡಿದಳು. ನಾನು ಒಳಗಿನಿಂದಲೇ, "ಈಗ ಬಾಗಲಾ ತೆಗಿಯಾಂಗಿಲ್ಲವಾ, ಒಳಗ ಬ್ಯಾಕ್ಟೀರಿಯಾ ಅದಾವ, ಕೆಲಸಾ ಮಾಡಾಕತ್ತಾವ," ಎಂದೆ. ಹೊರಗೆ ಚಪ್ಪಲಿ ಓಡಿದ ಸದ್ದು. ಅಂದಿನಿಂದ ಹಾಲಿನವನು ಹಾಲನ್ನು ಕಂಪೌಂಡ್ ಗೋಡೆಯ ಮೇಲಿಟ್ಟು ದೂರದಿಂದ ಹಾರ್ನ್ ಹೊಡೆದು ಹೋಗತೊಡಗಿದ. ಎದುರು ಮನೆಯ ಅಜ್ಜಿ ತಮ್ಮ ಗೇಟಿಗೆ ಬೇವಿನ ತೊಪ್ಪಲು ಕಟ್ಟಿಸಿದರು. ನಮ್ಮ ಮನೆಯವರ ಅಂಗಡಿಗೆ ಬಂದವರೊಬ್ಬರು, "ಮನ್ಯಾಗ ಎಲ್ಲಾರೂ ಆರಾಮೇನ್ರಿ? ಟೀಚರಿಗೆ ಏನೋ ಅಂಟ್ಯಾವಂತಲ್ಲ," ಎಂದು ಕೇಳಿ, ಚಿಲ್ಲರೆಯನ್ನು ಕೈಗೆ ಕೊಡದೆ ಟೇಬಲ್ಲಿನ ಮೇಲಿಟ್ಟರಂತೆ. ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. ವಿಜ್ಞಾನ ತಿಳಿಯದ ಜನ ಎಂದು ಎಲ್ಲರನ್ನೂ ಮನಸ್ಸಿನಲ್ಲೇ ಫೇಲು ಮಾಡಿದೆ.

ಇತ್ತ ದುಂಡಸಿಗೆ ಫೋನು ಮಾಡಿ ಅತ್ತೆಗೂ ಬ್ಯಾಕ್ಟೀರಿಯಾದ ಕತೆ ಹೇಳಿದೆ. ಅವರು ಕೆಮ್ಮಿ, ಸುಧಾರಿಸಿಕೊಂಡು, "ಹುಳಾ ಸಾಕೀ ಅಂದಂಗಾತು," ಎಂದರು. ನಾನು ಬಿಡಲಿಲ್ಲ. ಒಂದು ಸಲ ಬಂದು ನೋಡಿರಿ, ಬರುವ ಭಾನುವಾರವೇ ಬನ್ನಿ ಎಂದೆ. ಒಪ್ಪಿದರು. ಆದರೆ ಕರಾರು ಸ್ಪಷ್ಟವಾಗಿತ್ತು. "ಸಂಜಿ ಬಸ್ಸಿನ ತನಕ ಕುಂತು ನೋಡ್ತೇನಿ. ಉಸಿರು ಹಿಡೀತಂದ್ರ ಹೊಳ್ಳಿ ಹೋಗ್ತೇನಿ. ಮತ್ತ ಕರೀಬ್ಯಾಡ. ಇಲ್ಲೇ ಮಗಳ ಮನ್ಯಾಗ ಇರ್ತೇನಿ." ಫೋನಿಟ್ಟು ಕುಂಡಗಳ ಕಡೆ ತಿರುಗಿ, "ಕೇಳಿದಿರಿಲ್ಲೋ?" ಎಂದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಅದೇ ಹುರುಪಿನಲ್ಲಿ ಚಿಕ್ಕೇರೂರಿಗೆ, ನಮ್ಮ ಅಪ್ಪನಿಗೂ ಫೋನು ಮಾಡಿದೆ.

ಅಪ್ಪ ರೈತ. ಈಚೆಗೆ ರಾಸಾಯನಿಕ ಗೊಬ್ಬರ ಬಿಟ್ಟು ಜೀವಾಮೃತದ ಬೆನ್ನು ಹತ್ತಿದ್ದ. ಆಕಳ ಸೆಗಣಿ, ಗಂಜಲ, ಬೆಲ್ಲ, ಕಡಲೆ ಹಿಟ್ಟು, ಹೊಲದ ಬದುವಿನ ಒಂದು ಹಿಡಿ ಮಣ್ಣು, ಇಷ್ಟನ್ನೂ ನೀರಿನ ಡ್ರಮ್ಮಿನಲ್ಲಿ ಕಲಸಿ ದಿನಾ ಕೋಲಿನಿಂದ ತಿರುವುತ್ತ ಕೊಳೆಯಲು ಬಿಟ್ಟರೆ ಮಣ್ಣಿಗೆ ಬೇಕಾದ ಸೂಕ್ಷ್ಮಾಣುಗಳು ಕೋಟಿಗಟ್ಟಲೆ ಹುಟ್ಟುತ್ತವೆ. ಅದಕ್ಕೇ ಅಮೃತ ಎಂದು ಹೆಸರು. ಮೂಗಿಗೆ ಹಾಗನ್ನಿಸುವುದಿಲ್ಲ. ಅಪ್ಪ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಕುಳಿತು ಪಕ್ಕದವರಿಗೆ ಇದನ್ನೇ ವಿವರಿಸುತ್ತಾನೆ. ಅದಕ್ಕೇ ಅವನ ಎಡಬಲದ ಎಲೆಗಳು ಯಾವಾಗಲೂ ಖಾಲಿ ಇರುತ್ತವೆ.

ನಾನು ಹೇಳಿದ್ದನ್ನು ಅಪ್ಪ ಬಹಳ ಲಕ್ಷ್ಯಕೊಟ್ಟು ಕೇಳಿದ. "ಅಂದ್ರ ನಿನಗ ಬೇಕಾಗಿದ್ದು ಗಿಡಾ ಅಲ್ಲ, ಮಣ್ಣಾನ ಸೂಕ್ಷ್ಮಾಣು," ಎಂದ.

"ಹೌದಪಾ."

"ಬೀಗತೇರ ಯಾವಾಗ ಬರ್ತಾರ?"

"ಐತಾರ."

"ಆತು ಬಿಡು," ಎಂದು ಫೋನಿಟ್ಟ. ಮಗಳಾಗಿ ಇಷ್ಟು ವರ್ಷ ಆದ ಮೇಲೆ ಆ 'ಆತು ಬಿಡು' ಕೇಳಿ ನನ್ನ ಎದೆ ಧಸಕ್ ಎನ್ನಬೇಕಿತ್ತು.

ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ನಡೆದು ಬರುವಾಗ ನಮ್ಮ ರಸ್ತೆಯ ತಿರುವಿನಲ್ಲೇ ನನಗೆ ಚಿಕ್ಕೇರೂರಿನ ದನದ ಕೊಟ್ಟಿಗೆ ನೆನಪಾಯಿತು. ತವರಿನ ನೆನಪು ಬಂತಲ್ಲ ಎಂದು ಒಂದು ಕ್ಷಣ ಖುಷಿಯೂ ಆಯಿತು. ಮನೆಯ ಹತ್ತಿರ ಬಂದಂತೆ ನೆನಪು ಗಟ್ಟಿಯಾಗುತ್ತ ಹೋಯಿತು. ಗೇಟಿನ ಹತ್ತಿರ ಬಂದಾಗ ಅದು ನೆನಪಲ್ಲ ಎಂದು ಗೊತ್ತಾಯಿತು.

ಅಪ್ಪ ಪಡಸಾಲೆಯ ನಡುವೆ ಪಂಚೆ ಎತ್ತಿ ಕಟ್ಟಿಕೊಂಡು, ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ನನ್ನ ಹೊಸ ಪ್ಲಾಸ್ಟಿಕ್ ಬಕೀಟು ಹಿಡಿದು ನಿಂತಿದ್ದ. ಅಳಿಯನ ಅಂಗಡಿಯಿಂದ ಕೀಲಿಕೈ ಇಸಿದುಕೊಂಡು ಬಂದಿದ್ದನಂತೆ. ಕುಂಡಗಳಿಗೆಲ್ಲ ಜೀವಾಮೃತ ಹಾಕಿಯಾಗಿತ್ತು. ನಾನು ಚಂದಕ್ಕೆಂದು ತಂದಿದ್ದ ಕುಂಡಗಳಿಗೆ ಕೆಳಗೆ ತೂತಿರಲಿಲ್ಲ. ಒಂದೊಂದೂ ಅಂಚಿನವರೆಗೆ ತುಂಬಿ, ನೊರೆ ಬಂದು, ಟೈಲ್ಸಿನ ಮೇಲೆ ಕಂದು ಬಣ್ಣದಲ್ಲಿ ಹರಿದು ಸೋಫಾದ ಕೆಳಗೆ ಹೋಗಿತ್ತು. ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ತಿಳಿ ಬಣ್ಣದ ಗೋಡೆಗಳ ತುಂಬ ಸಾಲು ಸಾಲು ಚುಕ್ಕೆಗಳಿದ್ದವು.

"ಅಪ್ಪಾ, ಇದೇನು?"

"ಉಳದಿತ್ತವಾ. ಕೆಡಸಬಾರದು. ಬೆಳಿಗೆ ಹೊಡದಂಗ ಗ್ವಾಡಿಗೆ ಒಂದು ಕೈ ಹೊಡದೆ. ವಾಸನಿ ಬರಾಕತ್ತಿದ್ದು ಗ್ವಾಡಿಯಿಂದ ಹೌದಿಲ್ಲ?"

"ಇಷ್ಟ್ಯಾಕ ಹಾಕಿ?"

"ಎಕರೆಕ್ಕ ಇಷ್ಟು ಅಂತ ಲೆಕ್ಕ ಐತಿ. ನಿಮ್ಮ ಪಡಸಾಲಿ ಎಷ್ಟು ಗುಂಟೆ ಆಗ್ತೈತಿ ಅಂತ ಹೆಜ್ಜಿ ಹಾಕಿ ಅಳದೆ. ಲೆಕ್ಕಕ್ಕಿಂತ ತುಸು ಹೆಚ್ಚ ಕೊಟ್ಟೇನಿ. ಹೊಸಾ ಭೂಮಿ ನೋಡು, ಎಂದೂ ಗೊಬ್ಬರ ಕಂಡಿಲ್ಲ."

ನಾನು ಕೂಗಾಡಿದೆ. ತವರು, ಹೊಲ, ಆಕಳು, ಯಾವುದನ್ನೂ ಬಿಡಲಿಲ್ಲ. ಅಪ್ಪ ಎಲ್ಲ ಮುಗಿದ ಮೇಲೆ ಪೊರಕೆ ಕೆಳಗಿಟ್ಟು ಬಹಳ ಶಾಂತವಾಗಿ ಕೇಳಿದ. "ಎಲ್ಲಾ ಖರೆ. ಈಗ ವಾರ್ನಿಷ್ ವಾಸನಿ ಬರ್ತೈತೇನು? ಮೂಸಿ ನೋಡಿ ಹೇಳು."

ಸಿಟ್ಟಿನಲ್ಲೂ ಮೂಸಿದೆ. ಬರುತ್ತಿರಲಿಲ್ಲ. ಇದಕ್ಕಿಂತ ಹೆಚ್ಚು ಸಿಟ್ಟು ಬರಿಸುವ ಉತ್ತರ ನನ್ನ ಜೀವನದಲ್ಲಿ ಯಾವ ವಿದ್ಯಾರ್ಥಿಯೂ ಕೊಟ್ಟಿಲ್ಲ.

ನೆಲ ಒರೆಸುತ್ತ ಒರೆಸುತ್ತ ಬಸ್ಸಿನ ಕತೆಯನ್ನೂ ಕೇಳಬೇಕಾಯಿತು. ಜೀವಾಮೃತ ಕೊಳೆಯುವಾಗ ಗಾಳಿ ಬಿಡುತ್ತದೆ. ಅಪ್ಪ ಚೆಲ್ಲಬಾರದೆಂದು ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ತಿರುವಿದ್ದ. ಹಾನಗಲ್ಲಿನಲ್ಲಿ ಬಸ್ ಬದಲಿಸುವಾಗ ಡಬ್ಬಿ ಉಬ್ಬಿತ್ತಂತೆ. ಶಿಗ್ಗಾವಿ ಬಸ್ಸಿನಲ್ಲಿ, ಒಂದು ತಗ್ಗಿಗೆ ಚಕ್ರ ಇಳಿದದ್ದೇ ತಡ, ಮುಚ್ಚಳ ಹಾರಿ ಮುಂದಿನ ಸೀಟಿನವರ ಟೋಪಿಗೆ ಬಡಿಯಿತಂತೆ. ಕಂಡಕ್ಟರು ಬಂದು ಏನಿದು ಎಂದು ಕೇಳಿದ. ಅಪ್ಪ "ಜೀವಾಮೃತ ರಿ" ಎಂದ. "ಅಮೃತ ಕಡೀ ಸೀಟಿಗೆ ಹೋಗ್ಲಿ, ನೀವೂ ಅದರ ಜೋಡಿ ಹೋಗ್ರಿ," ಎಂದನಂತೆ ಕಂಡಕ್ಟರು. ಅಲ್ಲಿಂದ ಮುಂದೆ ಕಡೆಯ ಸೀಟಿನಲ್ಲಿ ಅಪ್ಪನಿಗೆ ಕಾಲು ಚಾಚಿ ಮಲಗುವಷ್ಟು ಜಾಗ ಸಿಕ್ಕಿತಂತೆ. ಅದನ್ನು ಹೇಳುವಾಗ ಅವನ ಮುಖದಲ್ಲಿ ಸಂತೋಷವಿತ್ತು.

ಮನೆಯ ಎಲ್ಲ ಕಿಟಕಿ, ಎಲ್ಲ ಬಾಗಿಲು ತೆಗೆದೆ. ಫ್ಯಾನು ಹಚ್ಚಿದೆ. ಫಿನಾಯಿಲು ಹಾಕಿ ಒರೆಸಿದೆ. ಆಗ ಫಿನಾಯಿಲು ಹಾಕಿದ ಕೊಟ್ಟಿಗೆಯ ವಾಸನೆ ಬಂತು. ನಮ್ಮ ಮನೆಯವರು ಸಂಜೆ ಬಂದು, ಹೊಸ್ತಿಲಲ್ಲಿ ನಿಂತು, ಮಾವನನ್ನೂ ನನ್ನನ್ನೂ ನೋಡಿ, "ನಂದ ತಪ್ಪು," ಎಂದರು. ರೂಢಿ.

ಅಪ್ಪ ಉಂಡು ಮಲಗಿದ ಮೇಲೆ ಮತ್ತೆ ಫೋನು ತೆಗೆದು ಆ ಲೇಖನದ ಕೊನೆಯ ಭಾಗ ಓದಿದೆ. ಅದರಲ್ಲಿ ಬರೆದಿತ್ತು: ಇದೆಲ್ಲ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಜನ ವಾಸಿಸುವ ಮನೆಯಲ್ಲಿ ನಾಲ್ಕಾರು ಕುಂಡಗಳ ಬ್ಯಾಕ್ಟೀರಿಯಾ ಎಷ್ಟು ದುಡಿದರೂ ಗೊತ್ತಾಗುವುದು ಕಷ್ಟ, ಬೇಕಾದರೆ ಬೇರಿನ ಮಣ್ಣಿನೊಳಗೇ ಗಾಳಿ ಹಾಯಿಸುವ ಯಂತ್ರ ಕೂಡಿಸಬೇಕು, ಇಲ್ಲವೇ ಮನೆಯನ್ನೇ ಅಡವಿ ಮಾಡಬೇಕು, ಅದಕ್ಕಿಂತ ಕಿಟಕಿ ತೆಗೆಯುವುದು ಸುಲಭ. ಓದಿ ಫೋನನ್ನು ಮಗುಚಿ ಇಟ್ಟೆ. ಇಷ್ಟು ದಿನ ಕಿಟಕಿ ಹಾಕಿ ವಾಸನೆಯನ್ನು ಒಳಗೇ ಸಾಕಿದವಳು ನಾನು. ನಾಳೆ ಅತ್ತೆ ಬಂದು ಹೊಸ್ತಿಲಲ್ಲೇ ಮೂಗು ಮುಚ್ಚಿ ಹೊಳ್ಳಿ ಹೋಗುತ್ತಾರೆ, ಮತ್ತೆಂದೂ ಬರುವುದಿಲ್ಲ ಎಂದು ಖಾತ್ರಿಯಾಯಿತು.

ಭಾನುವಾರ ಬೆಳಗಾದದ್ದೇ ಬಸ್ ಡ್ರೈವರನ ಹೆಂಡತಿ ಸೆರಗು ಮೂಗಿಗೆ ಹಿಡಿದು ಗೇಟಿನಲ್ಲಿ ನಿಂತಿದ್ದಳು. "ಟೀಚರ, ಹೆಗ್ಗಣ ಸತ್ತೈತೇನ್ರಿ?" ಎಂದಳು. ಬಾಗಿಲು ತೆರೆದೇ ಇತ್ತು, ಒಳಗೇ ಬಂದಳು. ಅಪ್ಪ ಅವಳಿಗೆ ಜೀವಾಮೃತ ವಿವರಿಸಿದ. ಅವಳು ನಕ್ಕು ನಕ್ಕು ಸೋಫಾದ ಮೇಲೆ ಕುಳಿತುಬಿಟ್ಟಳು. ಆ ನಗು ಕೇಳಿ ಎದುರು ಮನೆಯ ಅಜ್ಜಿ ಬಂದರು, ನಿಂಬೆ ಸಿಪ್ಪೆ ತಂದು ಮೂಲೆ ಮೂಲೆಗೆ ಇಟ್ಟರು. ಓಣಿಯ ಕೊನೆಯ ಮನೆಯ ಚಾಚಿ ಲೋಬಾನದ ಹೊಗೆ ಹಾಕಿಕೊಂಡೇ ಬಂದರು. "ಅವತ್ತ ಬ್ಯಾಕ್ಟೀರಿಯಾ ಅಂದಾಗ ನಾವೆಲ್ಲಾ ನಿಮಗ ಏನೋ ದೊಡ್ಡ ಜಡ್ಡು ಅಂತ ಮಾಡಿದ್ವಿ. ಇದು ಅಂದ್ರ ಸೆಗಣಿ ಏನ್ರಿ?" ಎಂದು ಅಜ್ಜಿ ಕೇಳಿದರು. ಅಷ್ಟರಲ್ಲಿ ಇನ್ನೂ ನಾಲ್ಕು ಜನ ಕಾರಣ ತಿಳಿಯಲು ಬಂದರು. ಕಾರಣ ತಿಳಿದ ಮೇಲೂ ಯಾರೂ ಹೋಗಲಿಲ್ಲ. ನಾನು ದೊಡ್ಡ ಪಾತ್ರೆಯಲ್ಲಿ ಚಹಾಕ್ಕಿಟ್ಟೆ. ವಾಸ್ತುಶಾಂತಿಯ ದಿನ ಬಿಟ್ಟರೆ ಆ ಪಡಸಾಲೆಯಲ್ಲಿ ಅಷ್ಟು ಜನ ಕುಳಿತಿರಲೇ ಇಲ್ಲ.

ಆ ಗದ್ದಲದೊಳಗೆ ಅತ್ತೆ ಬಂದರು. ಮಗ ಬಸ್‌ಸ್ಟ್ಯಾಂಡಿನಿಂದ ಸ್ಕೂಟರಿನಲ್ಲಿ ಕರೆತಂದಿದ್ದರು. ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದರು. ಕುಂಡಗಳ ಹಿಂದೆ ಗೊಟಗೋಡಿಯ ಉದ್ಯಾನದ ಸಿಮೆಂಟ್ ಬೊಂಬೆಯ ಹಾಗೆ ಅಲುಗಾಡದೆ ನಿಂತಿದ್ದ ಅಪ್ಪನನ್ನೂ ನೋಡಿದರು. ಮೂಗು ಅರಳಿಸಿ ಒಮ್ಮೆ ಗಾಳಿ ಎಳೆದುಕೊಂಡರು. ನಾನು ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತೆ.

"ಬೀಗರ, ಸೊಸಿ ಮನಿ ಕೊಟಗಿ ಮಾಡೀರಲ್ರಿ," ಎಂದರು ಅತ್ತೆ.

"ಏನ್ಮಾಡೂದ್ರಿ, ಎಮ್ಮಿ ಬರ್ತೈತಿ ಅಂತ ಹೇಳಿದ್ರು," ಎಂದ ಅಪ್ಪ.

ಬೀಗರ ನಡುವೆ ಇಂಥ ಮಾತಿಗೆ ತಡೆಯಿಲ್ಲ. ಮನೆಯೆಲ್ಲ ಹೋ ಎಂದು ನಕ್ಕಿತು. ಅತ್ತೆ ಎಲ್ಲರಿಗಿಂತ ಹೆಚ್ಚು ನಕ್ಕು, ಕೆಮ್ಮಿದರು. ಕೆಮ್ಮು ಶುರುವಾದದ್ದೇ ಡ್ರೈವರನ ಹೆಂಡತಿ ಬೆನ್ನು ತೀಡಿದಳು, ಚಾಚಿ ನೀರು ಕೊಟ್ಟರು, ಅಜ್ಜಿ ಸರಿದು ಕಿಟಕಿಯ ಹತ್ತಿರ ಜಾಗ ಮಾಡಿಕೊಟ್ಟರು. ಅತ್ತೆ ಅಲ್ಲಿ ಕುಳಿತು, ಸೊಂಟದಿಂದ ಎಲೆ ಅಡಿಕೆಯ ಚಂಚಿ ತೆಗೆದು, ಎಲ್ಲರಿಗೂ ಸವಣೂರಿನ ಎಲೆ ಹಂಚಿದರು. ಯಾರದೋ ಕೈ ಮನಿ ಪ್ಲಾಂಟಿನ ಎಲೆಗೆ ಹೋದದ್ದು ನೋಡಿ, "ಅದನ್ನ ತಿಂದಿ ಅಂದ್ರ ಬಾಯಿ ಬಾತು ಹೋಗ್ತೈತಿ, ಬಿಡು," ಎಂದು ಗದರಿದರು. ಆಮೇಲೆ ಎಲೆತೋಟದ ಮಾತು, ಮಕ್ಕಳ ಮದುವೆಯ ಮಾತು, ಹಾಲಿನವನ ಹಾಲಿಗೆ ಎಷ್ಟು ನೀರು ಎಂಬ ಮಾತು. ನಾನು ಒಳಗೂ ಹೊರಗೂ ಓಡಾಡುತ್ತ ಗಡಿಯಾರ ನೋಡುತ್ತಿದ್ದೆ. ದುಂಡಸಿಯ ಸಂಜೆಯ ಬಸ್ಸಿನ ಹೊತ್ತು ಬಂತು, ಹೋಯಿತು. ಅತ್ತೆ ಏಳಲಿಲ್ಲ.

ನೆರೆಯವರು ಹೋದ ಮೇಲೆ ಗೆದ್ದವರು ಯಾರು ಎಂಬ ಚರ್ಚೆ ನಡೆಯಿತು. ಅಪ್ಪ ಬದುವಿನ ಮಣ್ಣೇ ಗೆದ್ದದ್ದು ಎಂದ. ನಾನು ಅಷ್ಟಿಷ್ಟಾದರೂ ನನ್ನ ಗಿಡಗಳ ಬೇರಿಗೆ ಸಲ್ಲಬೇಕೆಂದೆ. ನಮ್ಮ ಮನೆಯವರು ಬಹಳ ಮೆಲ್ಲಗೆ, "ಕಿಡಕಿ ತೆಗದದ್ದಕ್ಕ ವಾಸನಿ ಹೋತು," ಎಂದರು. ಆಮೇಲೆ ಇಬ್ಬರೂ ಗಂಡಸರು ಜೀವಾಮೃತದ ಖಾಲಿ ಡಬ್ಬಿ ತೊಳೆಯಲು ಹಿತ್ತಲಿಗೆ ಹೋದರು.

ಅತ್ತೆ ಕಿಟಕಿಯ ಹತ್ತಿರವೇ ಕುಳಿತಿದ್ದರು. ನಾನು ಎದುರಿಗೆ ಕುಳಿತು ಕೇಳಿಯೇಬಿಟ್ಟೆ. "ಅತ್ತಿ, ಇರ್ತೀರೋ, ನಾಳೆ ಹೋಗ್ತೀರೋ? ವಾಸನಿ ಪೂರಾ ಹೋಗಿಲ್ಲ, ನನಗೂ ಗೊತ್ತೈತಿ."

ಅವರು ಎಲೆಯ ತೊಟ್ಟು ಮುರಿದರು. "ವಾಸನಿಗೆ ಹೆದರಿ ಹೋಗಿದ್ದಿಲ್ಲವಾ ನಾ," ಎಂದರು.

"ಮತ್ತ?"

"ಒಂದಿನ ನೀವಿಬ್ರೂ ಕೆಲಸಕ್ಕ ಹೋಗಿದ್ರಿ. ಮಧ್ಯಾಹ್ನ ಕೆಮ್ಮು ಹತ್ತಿ ಉಸಿರ ನಿಂತಂಗಾತು. ಧೂಳ ಬರ್ತೈತಂತ ಕಿಡಕಿ ಎಲ್ಲಾ ಹಾಕಿ ಹೋಗಿದ್ದಿ. ಕಿಡಕಿದ್ದೂ ಬಾಗಲದ್ದೂ ಆ ಹೊಸಾ ಚಿಲಕಾ ನನಗ ತೆಗ್ಯಾಕ ಬರಲಿಲ್ಲ. ಕೂಗಿದೆ. ಗ್ವಾಡಿ ಬಡದೆ. ಗಟ್ಟಿ ಮನಿ ಕಟ್ಟಿಸೀರಿ, ಹೊರಗ ಯಾರಿಗೂ ಕೇಳಸಲಿಲ್ಲ. ನೆಲದ ಮ್ಯಾಲ ಕುಂತು, ಇವತ್ತ ಇಲ್ಲೇ ಮುಗೀತು ಅಂತ ಮಾಡಿದ್ದೆ."

"ನನಗ ಯಾಕ ಹೇಳಲಿಲ್ಲರಿ?" ಎಂದೆ.

"ಏನಂತ ಹೇಳ್ಲಿ? ಅಷ್ಟು ಹುರುಪಿಲೆ ಕಟ್ಟಿಸಿದ ಮನಿ. ಅತ್ತಿ ಮನಿಗೆ ಕೊಂಕ ತೆಗೀತಾಳಂತ ಮಾಡ್ತಿದ್ದಿ. ವಾಸನಿ ಅಂತ ಹೇಳಿ ಹೋದೆ." ಎಲೆಗೆ ಸುಣ್ಣ ಸವರಿದರು. "ಬಾಗಲಾ ತೆಗದಿಟ್ಟು ಹೋಗೂದಾದ್ರ ಇರ್ತೇನಿ. ವಾಸನಿ ಇದ್ರ ಇರ್ಲಿ ಬಿಡು."

ಇಡೀ ಮನೆಯ ಗಾಳಿಯನ್ನು ಮೂಸಿ, ಓದಿ, ಬೈದು, ಕಣ್ಣಿಗೆ ಕಾಣದ ಜೀವಿಗಳು ಏನು ತಿನ್ನುತ್ತವೆ ಎಂದೆಲ್ಲ ತಿಳಿದುಕೊಂಡಿದ್ದೆ. ಕಣ್ಣಿಗೆ ಕಾಣುವ ಇವರೊಬ್ಬರು ಅದೇ ಗಾಳಿಯಲ್ಲಿ ಗೋಡೆ ಬಡಿದದ್ದು ಗೊತ್ತಿರಲಿಲ್ಲ. ನಾನು ಅತ್ತೆಯ ಮುಂದೆ ಎಂದೂ ಅತ್ತವಳಲ್ಲ, ಅವತ್ತು ಅತ್ತುಬಿಟ್ಟೆ. ಅವರ ತೊಡೆ ಹಿಡಿದುಕೊಂಡು, ಸಣ್ಣ ಹುಡುಗಿಯ ಹಾಗೆ, ದೊಡ್ಡ ದನಿ ತೆಗೆದು ಅತ್ತೆ.

"ಸುಮ್ಮನಿರ, ಮಂದಿ ನೋಡ್ತಾರ," ಎಂದರು ಅವರು, ನನ್ನ ತಲೆಯ ಮೇಲೆ ಸುಣ್ಣದ ಕೈ ಇಟ್ಟು.

ಬಾಗಿಲು ಪೂರ್ತಿ ತೆರೆದಿತ್ತು. ಎದುರು ಮನೆಯ ಅಜ್ಜಿ ತಮ್ಮ ಗೇಟಿನಲ್ಲಿ ನಿಂತು ನಿಜವಾಗಿಯೂ ನೋಡುತ್ತಿದ್ದರು. ಸರಿಯಾಗಿ ಕಾಣಲಿ ಎಂದು ಅವರು ಕನ್ನಡಕವನ್ನೂ ಹಾಕಿಕೊಂಡರು. ನೋಡಿದರೆ ನೋಡಲಿ ಎಂದು ನಾನು ಅಳುವುದನ್ನು ಮುಂದುವರಿಸಿದೆ.